ಮುರ್ಗೋಸ್ ಬೊಗಳುವ ದಾರಿ

ಕಾತೋ ವಿಗ್ಲಾ, ಲಕೋನಿಯಾ
ಅಕ್ಟೋಬರ್ ೧೧, ೧೯೮೧, ಭಾನುವಾರ

ಪ್ರೀತಿಯ ಅಳಿಯ ಸಾರಾಂಡೋಸನಿಗೆ,

ನಿನ್ನ ಸೋದರಮಾವ ಥ್ರಾಸಿವುಲೋಸನ ಆಶೀರ್ವಾದ. ಮೊದಲೇ ಹೇಳಿಬಿಡುತ್ತೇನೆ ಅಳಿಯಾ, ಇನ್ನು ಮೇಲೆ ಈ ಕರಾವಳಿಯಲ್ಲಿ ಓಟಗಾರ ಅಂದರೆ ನೀನಲ್ಲ, ನಾನು. ಅರವತ್ತೆಂಟನೆಯ ವಯಸ್ಸಿನಲ್ಲಿ, ಎಡಗಾಲಿನ ಮಂಡಿ ರೇಡಿಯೋಗಿಂತ ಮೊದಲೇ ಮಳೆ ಬರುವುದನ್ನು ಹೇಳುತ್ತಿರುವ ಈ ಕಾಲದಲ್ಲಿ, ನಿನ್ನ ಮಾವ ಭೂಶಿರದ ಸಂತ ಮರೀನಾಳ ಗುಡಿಯಿಂದ ಊರ ಗಂಟೆಗೋಪುರದ ತನಕ ಒಂದೇ ಉಸಿರಿಗೆ ಓಡಿ ಬಂದ. ದಾರಿಯಲ್ಲಿ ಎರಡು ಮೊಲಗಳನ್ನು ಹಿಂದೆ ಹಾಕಿದೆ. ಮೂರನೆಯದು ನನ್ನನ್ನು ನೋಡಿ ನಾಚಿಕೊಂಡು ಪೊದೆಯೊಳಗೆ ಹೋಯಿತು. ಬೇಕಾದರೆ ಕಾಫಿ ಅಂಗಡಿಯಲ್ಲಿ ಯಾರನ್ನಾದರೂ ಕೇಳು, ಅಂಗಡಿಯ ಲಿಂಬೇರಿಸನೊಬ್ಬನನ್ನು ಬಿಟ್ಟು.

ನೀನು ಹೇಗಿದ್ದೀಯ? ಊಟ ಸೇರುತ್ತಿದೆಯೇ? ಹಡಗಿನ ಅಡುಗೆಯವನು ಅವರೆಕಾಳನ್ನು ಎಣ್ಣೆ ಕಾಣಿಸದೆ ಬೇಯಿಸುತ್ತಾನೆಂದು ಪಕ್ಕದ ಮನೆಯ ಪೊಲಿತೀಮಿಗೆ ಈಸ್ಟರಿಗೆ ಕಾರ್ಡು ಬರೆದಿದ್ದೆಯಲ್ಲ, ಅದನ್ನು ಅವಳು ಊರೆಲ್ಲಾ ಓದಿ ಹೇಳಿದಳು. ಮಾವನಿಗೆ ಒಂದು ಕಾರ್ಡಿಲ್ಲ, ಅವಳಿಗಿದೆ. ಇರಲಿ. ಹಡಗಿನ ಮೇಲ್ಕಟ್ಟೆಯ ಮೇಲೆ ದಿನಾ ಬೆಳಿಗ್ಗೆ ಸುತ್ತು ಹಾಕುತ್ತೀಯೆಂದೂ ಅದರಲ್ಲಿತ್ತು. ಕಬ್ಬಿಣದ ಮೇಲೆ ಓಡಬೇಡ ಮಗನೇ, ಮಂಡಿ ಹೋಗುತ್ತದೆ. ಎಣ್ಣೆಗಾಣದ ಕತ್ತೆಯೂ ಹಾಗೇ ಸುತ್ತುತ್ತದೆ, ಆದರೆ ಸಂಜೆಯಾದರೆ ಮನೆಗೆ ಹೋಗಬೇಕೆಂದು ಅದಕ್ಕೆ ಗೊತ್ತಿದೆ. ಕೆಮ್ಮು ಬಂದರೆ ಋಷಿಪತ್ರೆ ಕುದಿಸಿ ಕುಡಿ. ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ಪಿರೇಯಸ್ಸಿನ ಹಡಗು ಕಚೇರಿಯವರು ಅದನ್ನು ತಾವೇ ಕುಡಿಯದಿದ್ದರೆ ನಿನಗೆ ಮುಟ್ಟುತ್ತದೆ.

ಊರಿನ ಸುದ್ದಿ ಅಂದರೆ ನಿನಗೆ ಯಾರು ಯಾರನ್ನು ಮದುವೆಯಾದರು ಅನ್ನುವುದು ಬೇಕಾಗಿಲ್ಲ ಎಂದು ಬಲ್ಲೆ, ನಿನ್ನ ದಾರಿಗಳ ಸುದ್ದಿ ಬೇಕು. ಹಾಗಾಗಿ ಬರೆಯುತ್ತೇನೆ. ಗಾಳಿಗಿರಣಿಗೆ ಹತ್ತುವ ದಾರಿಯಲ್ಲಿ ಹೋದ ಫೆಬ್ರವರಿಯ ಮಳೆಗೆ ಎರಡನೇ ತಿರುವಿನ ಕಟ್ಟೆ ಕುಸಿಯಿತು. ಲಿಂಬೇರಿಸ್ ತನ್ನ ಕಲ್ಲು ಅಂತಾನೆ, ಆದರೆ ಎತ್ತಿಡುವುದಿಲ್ಲ. ಅಲ್ಲಿ ನೀನು ಎಡಕ್ಕೆ ಹಾರಿ ಅಂಜೂರದ ಬೇರಿನ ಮೇಲೆ ಕಾಲಿಡಬೇಕು. ಗಿರಣಿಯ ಕುಂಟುನಾಯಿ ಚಳಿಗಾಲದಲ್ಲಿ ಸತ್ತುಹೋಯಿತು. ಈಗ ಆ ತಿರುವು ದಾಟಿ ಯಾರು ಹೋದರೂ ಊರಿಗೆ ತಿಳಿಯುವುದಿಲ್ಲ. ಗುಡ್ಡದ ಬೆನ್ನಿಗೆ, ಹಳೇ ಕಣಗಳ ಪಕ್ಕದಲ್ಲಿ, ಮೇಲೂರಿನವರು ಜೇನುಪೆಟ್ಟಿಗೆ ತಂದಿಟ್ಟಿದ್ದಾರೆ. ಅಲ್ಲಿ ಬಾಯಿ ಮುಚ್ಚಿಕೊಂಡು ಓಡಬೇಕು. ನನಗೆ ಅದು ಎಷ್ಟು ಕಷ್ಟ ಅಂತ ನಿನಗೆ ಗೊತ್ತೇ ಇದೆ. ಭೂಶಿರದಿಂದ ಹಿಂದಕ್ಕೆ ಬರುವ ಕಡಲ ದಾರಿಯನ್ನು ಒಂದು ಕಡೆ ಸಮುದ್ರ ತಿಂದಿದೆ, ಎರಡು ಹಲಗೆ ಹಾಕಿದ್ದೇವೆ. ಕ್ಯಾರಬ್ ಕಾಯಿ ತುಂಬುತ್ತಿದ್ದ ಹಳೇ ಉಗ್ರಾಣದ ಚಾವಣಿ ಬಿತ್ತು. ಮುರ್ಗೋಸ್ ಮಾತ್ರ ಇನ್ನೂ ಅದರ ಬಾಗಿಲಲ್ಲೇ ಇದ್ದಾನೆ. ಕಾಯಲು ಏನೂ ಇಲ್ಲ, ಕಣ್ಣೂ ಮಂಜಾಗಿದೆ, ಆದರೆ ಓಡುವ ಕಾಲಿನ ಸದ್ದು ಕೇಳಿದರೆ ಅದೇ ಹಳೇ ಬೊಗಳು: ಮೂರು ಸಲ, ಆಮೇಲೆ ಒಂದು ಕೆಮ್ಮು. ನಡೆಯುವವರಿಗೆ ಅವನು ಬೊಗಳುವುದಿಲ್ಲ. ಈ ಮೂರು ವರ್ಷ ಅವನು ಹೆಚ್ಚುಕಡಿಮೆ ಸುಮ್ಮನೇ ಇದ್ದ.

ಇನ್ನು ನೆತ್ತಿಯ ದಾರಿ. ಭೂಶಿರದಿಂದ ನೆಟ್ಟಗೆ ಗುಡ್ಡದ ಏಣು ಹತ್ತಿ ನಿಮ್ಮ ಮನೆಯ ಹಿತ್ತಲಿಗೆ ಇಳಿಯುವುದು. ಅದರ ಬಗ್ಗೆ ನಿನಗೆ ಬರೆಯಬೇಕಾಗಿಲ್ಲ, ನೀನು ಅಲ್ಲಿ ಓಡಿದವನಲ್ಲ. ನಿನ್ನ ಅಣ್ಣ ವ್ರೆತ್ತೋಸ್ ಬಿದ್ದು ಸತ್ತ ಕಡೆಯ ದೀಪದ ಗೂಡಿಗೆ ಹೊಸ ಗಾಜು ಹಾಕಿಸಿದೆ. ಮೇಕೆಗಳು ಹಳೆಯದನ್ನು ಒಡೆದಿದ್ದವು.

ಈಗ ಕಾಗದದ ವಿಷಯಕ್ಕೆ ಬರುತ್ತೇನೆ. ನವೆಂಬರ್ ಏಳನೇ ತಾರೀಕು ಶನಿವಾರ ನಿನ್ನ ತಾಯಿಯ ಎಲುಬನ್ನು ಗುಂಡಿಯಿಂದ ಮೇಲೆತ್ತುತ್ತಾರೆ. ಮೂರು ವರ್ಷ ತುಂಬಿತು ಸಾರಾಂಡೋಸ್. ನಮ್ಮ ಸ್ಮಶಾನ ಎಷ್ಟು ದೊಡ್ಡದು ಅಂತ ನಿನಗೆ ಗೊತ್ತು, ಬಂಡೆಯ ಮೇಲೆ ಹಾಸಿದ ಒಂದು ಕೈವಸ್ತ್ರದಷ್ಟು. ಮಲಗಿದವರು ಎದ್ದು ಮುಂದಿನವರಿಗೆ ಜಾಗ ಬಿಡಲೇಬೇಕು. ಪಾಪಾ ಅನಾರ್ಗಿರೋಸ್ ಬಂದು ಹೇಳಿ ಹೋದರು. ಇವರು ನೀನು ಹೋದ ಮೇಲೆ ಬಂದ ಹೊಸ ಪಾದ್ರಿ, ಇನ್ನೂ ಮೂವತ್ತಾಗಿಲ್ಲ, ಗಡ್ಡ ಮಾತ್ರ ಅರವತ್ತರದ್ದು. ಪೆಟ್ಟಿಗೆಯನ್ನು ನಾನೇ ಮಾಡಿದ್ದೇನೆ, ಸೈಪ್ರಸ್ ಮರದ್ದು, ಮುಚ್ಚಳದ ಮೇಲೆ ಹೆಸರು ಕೆತ್ತಿದ್ದೇನೆ. ಎಲುಬು ತೊಳೆಯಲು ದ್ರಾಕ್ಷಾರಸ ತೆಗೆದಿಟ್ಟಿದ್ದೇನೆ, ಕುಡಿದಿಲ್ಲ, ಪೊಲಿತೀಮಿ ಸಾಕ್ಷಿ. ಅವಳೂ ಅವಳ ತಂಗಿಯೂ ಅಗೆಯುತ್ತಾರೆ. ಆದರೆ ತಲೆ ಮೇಲೆ ಬಂದಾಗ ಅದನ್ನು ಬಿಳಿಬಟ್ಟೆಯಲ್ಲಿ ಈಸಿಕೊಂಡು ಮುತ್ತಿಟ್ಟು, ‘ಬಾರಮ್ಮಾ, ಚೆನ್ನಾಗಿ ಬಂದೆ’ ಅನ್ನಬೇಕಾದವನು ಮಗ. ಮಗ ಇಲ್ಲದಿದ್ದರೆ ಅಣ್ಣ ಅನ್ನಬಹುದು, ತಪ್ಪೇನಿಲ್ಲ ಅಂತಾರೆ ಪಾದ್ರಿ. ಆದರೆ ನನ್ನ ಬಾಯಿ ಎಂಥದು ಅಂತ ಸ್ತಮಾತಾಳಿಗೆ ಗೊತ್ತಿತ್ತು. ನಾನು ಸ್ವಾಗತ ಹೇಳಿದರೂ ಅವಳು ‘ಇದೂ ನಿನ್ನ ಬುರುಡೆಯೇ ಏನಣ್ಣಾ’ ಅಂತ ಕೇಳುತ್ತಾಳೆ.

ನೀನು ಬರುವುದಿಲ್ಲ ಎಂದೇ ಊರಿನವರ ಲೆಕ್ಕ. ನಲವತ್ತನೇ ದಿನದ ಪೂಜೆಗೂ ನಿಲ್ಲದೆ ಹಡಗು ಹತ್ತಿದವನು ಈಗ ಯಾವ ಮುಖ ಹೊತ್ತು ಬರುತ್ತಾನೆ ಅನ್ನುತ್ತಾರೆ. ಯಾಕೆ ಹೋದೆ ಅಂತ ನನಗೆ ಗೊತ್ತು, ತಮಗೂ ಗೊತ್ತು ಅಂತ ಅವರು ಅಂದುಕೊಂಡಿದ್ದಾರೆ. ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಲಿಂಬೇರಿಸ್ ಲೋಟ ಒರೆಸುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದ: “ಹುಡುಗ ನೆತ್ತಿ ಮೇಲಿಂದ ಬಂದಿದ್ರೆ ತಾಯಿ ಕೈ ಬಿಸಿ ಇರೋವಾಗ್ಲೇ ಹಿಡೀತಿದ್ದ. ಓಟದಲ್ಲಿ ಕಪ್ಪು ಗೆದ್ದೋನು, ಮೆತ್ತಗಿರೋ ದಾರಿ ಹುಡುಕ್ಕೊಂಡ.” ಮೂರು ವರ್ಷದಿಂದ ಎಲ್ಲರೂ ಒಳಗೇ ಜಗಿಯುತ್ತಿದ್ದ ಮಾತನ್ನು ಅವನು ಉಗುಳಿದ, ಅಷ್ಟೇ. ನೀನೂ ಅದನ್ನೇ ಜಗಿಯುತ್ತಾ ಕಬ್ಬಿಣದ ಮೇಲೆ ಸುತ್ತುತ್ತಿದ್ದೀಯ ಅಂತ ನನಗೆ ಹೊಳೆಯಿತು. ನಾನು ಮೇಜು ಗುದ್ದಿದೆ. ನೆತ್ತಿಯ ದಾರಿ ನೋಡಲು ಹತ್ತಿರ, ಹತ್ತಲು ದೂರ, ಅದರಲ್ಲಿ ಬಂದರೂ ಹುಡುಗ ಬೇಗ ಮುಟ್ಟುತ್ತಿರಲಿಲ್ಲ, ಬಾಜಿ ಕಟ್ಟುತ್ತೀಯೇನೋ ಅಂದೆ. ಅವನು ಕಟ್ಟಿದ. ದೊಡ್ಡ ಬಾಜಿಯೇನಲ್ಲ, ಅಂಗಡಿಯಲ್ಲಿದ್ದವರಿಗೆಲ್ಲ ಒಂದು ಸುತ್ತು ಕಾಫಿ ಅಂತ ಇಟ್ಟುಕೋ.

ಓಡುವವರು ಯಾರು? ನಾನೇ ಓಡಿದೆ ಅಂತ ಮೇಲೆ ಬರೆದೆನಲ್ಲ, ಅದರಲ್ಲಿ ಸ್ವಲ್ಪ ಉಪ್ಪು ಹೆಚ್ಚಾಗಿದೆ. ಓಡಿದ್ದು ಪಾಪಾ ಅನಾರ್ಗಿರೋಸ್. ಪಾದ್ರಿಯಾಗಲು ಓದುವ ಶಾಲೆಯಲ್ಲಿದ್ದಾಗ ದೂರದ ಓಟದಲ್ಲಿ ಹೆಸರು ಮಾಡಿದವರಂತೆ. ಬಾಜಿ ಅಂದರೆ ಮುಖ ಸಿಂಡರಿಸಿದರು, ಆದರೆ ಊರಿನ ಬಾಯಿ ಒಂದು ಸಲ ಮುಚ್ಚಲಿ ಅಂತ ಒಪ್ಪಿದರು. ಒಂದು ದಿನ ಕಡಲ ದಾರಿ, ಮರುದಿನ ನೆತ್ತಿಯ ದಾರಿ. ಗಡಿಯಾರ ಬೇಡ, ನಿಮ್ಮಿಬ್ಬರ ಗಡಿಯಾರವನ್ನೂ ನಂಬಲಾರೆ ಎಂದು ಹೇಳಿ ಅವರೇ ಗುಡಿಯಿಂದ ಒಂದೇ ಅಳತೆಯ ಎರಡು ಸಣ್ಣ ಮೇಣದಬತ್ತಿ ಕೊಟ್ಟರು. ಅವರು ಸಂತ ಮರೀನಾಳ ಗುಡಿಯ ಮುಂದೆ ನಿಂತಿರುವುದು, ನಿನ್ನ ತಾಯಿ ಹೋದ ದಿನ ನಿನ್ನನ್ನು ಕರೆಯಲು ಬಾರಿಸಿದ ಹಾಗೆಯೇ ಇಲ್ಲಿ ಗಂಟೆ ಬಾರಿಸುವುದು, ಗಂಟೆಯ ಮೊದಲ ಪೆಟ್ಟಿಗೆ ನಿನ್ನ ತಾಯಿಯ ಅಡುಗೆಮನೆಯಲ್ಲಿ ನಾನೂ ಲಿಂಬೇರಿಸನೂ ಬತ್ತಿ ಹಚ್ಚುವುದು, ಅವರು ಹೊಸ್ತಿಲು ಮುಟ್ಟಿದಾಗ ಆರಿಸುವುದು. ಊರಿಗೆಲ್ಲಾ ಮೊದಲೇ ಡಂಗುರ ಹೊಡೆದಿದ್ದೆವು. ಆದರೂ ಗಂಟೆ ಕೇಳಿ ಕೆಳಕೇರಿಯ ಮುದುಕಿಯೊಬ್ಬಳು ಬೆಂಕಿ ಬಿದ್ದಿದೆಯೆಂದು ಬಕೆಟ್ಟು ಹಿಡಿದು ಬಂದಳು. ಪಾದ್ರಿ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುವುದನ್ನು ಹೆಂಗಸರು ಬೆರಳಸಂದಿಯಿಂದ ನೋಡಿದರು. ಅಂಥಾ ಕಾಲನ್ನ ದೇವರು ಪಾದ್ರಿಗೆ ಕೊಟ್ಟು ಹಾಳು ಮಾಡಿದ ಅಂತ ಪೊಲಿತೀಮಿ ಅಂದದ್ದು ಅವರ ಕಿವಿಗೂ ಬಿತ್ತು.

ನಗು ಅಲ್ಲಿಗೆ ಮುಗಿಯಿತು ಮಗನೇ. ಆ ಮೊದಲ ದಿನ ಬತ್ತಿ ಹಚ್ಚಿ ಅಡುಗೆಮನೆಯ ಬೆಂಚಿನ ಮೇಲೆ ಕೂತಿದ್ದೆ. ಅವಳು ಬೆಳಿಗ್ಗೆ ಅಲ್ಲಿಯೇ ಕೂತು ನಿನ್ನ ದಾರಿ ಕೇಳಿಸಿಕೊಳ್ಳುತ್ತಿದ್ದಳು, ನೀನು ನೋಡಿಲ್ಲ, ನೀನು ಓಡುತ್ತಿದ್ದೆ. ಗಿರಣಿಯ ಕುಂಟುನಾಯಿ ಬೊಗಳಿದರೆ ‘ತಿರುವು ದಾಟಿದ’ ಅನ್ನುತ್ತಿದ್ದಳು. ಆಮೇಲೆ ನೀನು ಗುಡ್ಡದ ಬೆನ್ನಿಗೆ ಹೋಗುತ್ತಿದ್ದೆ. ಅಲ್ಲಿಂದ ಯಾವ ಸದ್ದೂ ಬರುವುದಿಲ್ಲ. ಅಷ್ಟು ಹೊತ್ತೂ ಅವಳ ಸೌಟು ಪಾತ್ರೆಯಲ್ಲಿ ನಿಂತಿರುತ್ತಿತ್ತು. ನಾನು ಏನು ಹೇಳಿದರೂ ಹೂಂ ಅನ್ನುತ್ತಿದ್ದಳು, ಸಾಲ ಕೇಳಿದರೂ ಹೂಂ ಅನ್ನುತ್ತಿದ್ದಳು. ನಾನು ಎರಡು ಸಲ ಕೇಳಿದ್ದೇನೆ. ಕೆಳಗೆ ಉಗ್ರಾಣದ ಹತ್ತಿರ ಮುರ್ಗೋಸ್ ಬೊಗಳಿದ ಮೇಲೆಯೇ ಅವಳಿಗೆ ಜೀವ ಬರುತ್ತಿತ್ತು. ಆಗ ಮೊಟ್ಟೆ ಒಡೆದು ಬಾಣಲೆಗೆ ಹಾಕುತ್ತಿದ್ದಳು. ನೀನು ಮೆಟ್ಟಿಲು ಹತ್ತಿ ಬರುವುದಕ್ಕೂ ಮೊಟ್ಟೆ ಬೇಯುವುದಕ್ಕೂ ಸರಿಯಾಗುತ್ತಿತ್ತು. ಒಂದು ದಿನವೂ ಸೀಯಲಿಲ್ಲ, ಒಂದು ದಿನವೂ ಹಸಿ ಇರಲಿಲ್ಲ.

ವ್ರೆತ್ತೋಸ್ ಬಿದ್ದ ವರ್ಷ, ನಿನಗೆ ಎಂಟು ತುಂಬಿತ್ತು, ಅದೇ ಬೆಂಚಿನ ಮುಂದೆ ಅವಳು ನಿನ್ನನ್ನು ನಿಲ್ಲಿಸಿ ರೊಟ್ಟಿಯ ಮೇಲೆ ಕೈ ಇಡಿಸಿದಳು. ಎಲ್ಲಿ ಬೇಕಾದರೂ ಓಡು, ನೆತ್ತಿಯ ದಾರಿ ತುಳಿಯಬೇಡ, ಮನೆಗೆ ಬೆಂಕಿ ಬಿದ್ದರೂ ತುಳಿಯಬೇಡ. ಅಲ್ಲಿದ್ದದ್ದು ನಾವು ಮೂವರೇ. ಊರಿಗೆ ಇದು ಗೊತ್ತಿಲ್ಲ, ಲಿಂಬೇರಿಸನಿಗೂ ಗೊತ್ತಿಲ್ಲ. ನಾನೂ ಹೇಳಿಲ್ಲ. ರೊಟ್ಟಿಯ ಮೇಲಿನ ಮಾತು ಕಾಫಿ ಅಂಗಡಿಗೆ ಹೋಗಬಾರದು. ನೀನು ಆ ದಿನ ಗಂಟೆ ಕೇಳಿ ಭೂಶಿರದಲ್ಲಿ ನಿಂತು ಮೇಲೆ ನೋಡಿದೆ, ಕೆಳಗೆ ನೋಡಿದೆ ಅಂತ ಅಲ್ಲಿ ಬಲೆ ಎಳೆಯುತ್ತಿದ್ದವರು ಆಮೇಲೆ ಹೇಳಿದರು. ಆ ಮಾತನ್ನು ಇವರೆಲ್ಲ ನಿನ್ನ ಮೇಲಿನ ಚಾಡಿ ಮಾಡಿಕೊಂಡರು. ನೀನು ಯಾಕೆ ನಿಂತೆ ಅಂತ ನಾನೊಬ್ಬ ಬಲ್ಲೆ.

ಇನ್ನೊಂದನ್ನೂ ನಾನೊಬ್ಬನೇ ಬಲ್ಲೆ. ಅದನ್ನು ಮಣ್ಣು ಮಾಡಿದ ದಿನವೇ ಹೇಳಲು ಬಂದೆ. “ಮಾವಾ, ಇವತ್ತೊಂದಿನ ನಿನ್ ಕತೆ ಬೇಡ” ಅಂದೆ ನೀನು. ತಪ್ಪಿಲ್ಲ. ಶಾರ್ಕಿನ ಹೊಟ್ಟೆಯಲ್ಲಿ ನನ್ನ ಮದುವೆಯ ಉಂಗುರ ಸಿಕ್ಕಿತು ಅಂತ ಹೇಳಿದವನ ಮಾತನ್ನು ತಾಯಿಯ ಗುಂಡಿಯ ಹತ್ತಿರ ಯಾರು ಕೇಳುತ್ತಾರೆ. ಈಗ ಕೇಳು. ಅವಳಿಗೆ ಎದೆ ಹಿಡಿದುಕೊಂಡಾಗ ನಾನು ಅಲ್ಲೇ ಇದ್ದೆ, ಪೊಲಿತೀಮಿ ಗಂಟೆ ಹೊಡೆಸಲು ಓಡಿದಳು. ಗಂಟೆ ಶುರುವಾದದ್ದೇ ಸ್ತಮಾತಾ ನನ್ನ ಮಣಿಕಟ್ಟು ಹಿಡಿದು, ಉಸಿರಿಲ್ಲದ ದನಿಯಲ್ಲಿ ಅಂದಳು: “ಮೇಲಿಂದ ಬರ್ತಾನೆ ಕಣೋ. ಗಂಟೆ ನಿಲ್ಸೋ, ಮೇಲಿಂದ ಬರ್ತಾನೆ.” ಕಣ್ಣು ಕಿಟಕಿಯ ಕಡೆ, ನೆತ್ತಿಯ ಕಡೆ. ಅಲ್ಲಿ ಮೇಕೆಗಳು ಮೇಯುತ್ತಿದ್ದವು, ಯಾರಾದರೂ ಓಡಿ ಬಂದರೆ ಅವುಗಳ ಕೊರಳಗಂಟೆ ಒಟ್ಟಿಗೆ ಅಲುಗುತ್ತದೆ. ಅವಳು ಅದನ್ನು ಕಾಯುತ್ತಿದ್ದಳು. ಬೆವರು, ನೋವು, ಯಾವುದರ ಮೇಲೂ ಅವಳಿಗೆ ಗಮನವಿರಲಿಲ್ಲ. ಆಮೇಲೆ ಕೆಳಗೆ ಮುರ್ಗೋಸ್ ಬೊಗಳಿದ. ಮೂರು ಸಲ, ಒಂದು ಕೆಮ್ಮು. ನನ್ನ ಮಣಿಕಟ್ಟಿನ ಮೇಲಿದ್ದ ಅವಳ ಬೆರಳು ಒಂದೊಂದಾಗಿ ಸಡಿಲವಾಯಿತು. “ಕೆಳಗಿಂದ” ಅಂದಳು. ಬಲಗೈ ಎತ್ತಿದಳು, ಬೆರಳು ಕೂಡಿಸಿ ಹಾಸಿಗೆಯ ಅಂಚಿಗೆ ಮೆಲ್ಲಗೆ ಕುಟ್ಟಿದಳು, ಮೊಟ್ಟೆ ಒಡೆಯುವವರ ಹಾಗೆ. ನೀನು ಮೆಟ್ಟಿಲ ಮೇಲಿದ್ದಾಗ ಹೋದಳು. ಇದು ಕತೆಯಲ್ಲ ಸಾರಾಂಡೋಸ್. ಕತೆಯಾಗಿದ್ದರೆ ನೀನು ಬಾಗಿಲಿಗೆ ಬರುವ ತನಕ ಅವಳನ್ನು ಉಳಿಸಿಕೊಳ್ಳುತ್ತಿದ್ದೆ, ಅಷ್ಟು ಕೈಚಳಕ ನನಗಿದೆ.

ಪಾದ್ರಿ ಕಡಲ ದಾರಿಯಲ್ಲಿ ಓಡಿ ಬರುವಾಗ ಮುರ್ಗೋಸ್ ಮೂರು ವರ್ಷದ ಮೇಲೆ ಹಾಗೆ ಬೊಗಳಿದ. ನಾನು ಬತ್ತಿಯನ್ನು ನೋಡುತ್ತಿದ್ದೆ, ಬತ್ತಿ ಕಾಣದಾಯಿತು. ಏನಾಯಿತು ನಿನಗೆ ಅಂತ ಲಿಂಬೇರಿಸ್ ಕೇಳಿದ. ಹೊಗೆ ಅಂದೆ. ಮೇಣದ ಬತ್ತಿಯಲ್ಲಿ ಎಲ್ಲಿಂದ ಬರಬೇಕು ಹೊಗೆ. ಆದರೂ ಬೊಗಳಿದ ಗಳಿಗೆಯಲ್ಲಿ ಬತ್ತಿ ಎಷ್ಟಿತ್ತೋ ಅಷ್ಟಕ್ಕೆ, ಮರುದಿನಕ್ಕೆಂದು ಪಕ್ಕದಲ್ಲಿಟ್ಟಿದ್ದ ಬತ್ತಿಯ ಮೇಲೆ ಉಗುರಿನಿಂದ ಒಂದು ಗೀಟು ಎಳೆದೆ. ಯಾಕೆ ಅಂತ ಅವನಿಗೆ ಹೇಳಲಿಲ್ಲ.

ಮರುದಿನ ನೆತ್ತಿಯ ಓಟ. ಗಾಳಿಯಿತ್ತು, ಪಾದ್ರಿಯ ಚಪ್ಪಲಿಯೂ ಸರಿಯಿರಲಿಲ್ಲ, ಏನೇನೋ ಆಯಿತು. ಅದರ ಫಲವನ್ನು ವಿಸ್ತರಿಸಿ ಬರೆಯುವಂಥದ್ದೇನೂ ಇಲ್ಲ. ಮುಖ್ಯವಾದದ್ದು ನೀನು ಬರುವುದು. ನಿಮ್ಮ ಹಡಗು ತಿಂಗಳ ಕೊನೆಗೆ ಪಿರೇಯಸ್ಸಿಗೆ ಬರುತ್ತದೆ ಎಂದು ಕಚೇರಿಯವರು ತಿಳಿಸಿದ್ದಾರೆ. ಅಲ್ಲಿಂದ ಬಸ್ಸು ಹಿಡಿದರೆ ಸಂಜೆಗೆ ಮೇಲೂರು, ಮೇಲೂರಿನಿಂದ ನಡೆಯಬೇಡ, ಓಡಿ ಬಾ. ಮನೆಯ ಬೀಗದಕೈ ಎಲ್ಲಿರುತ್ತಿತ್ತೋ ಅಲ್ಲೇ ಇದೆ. ಬಿಳಿಬಟ್ಟೆ ಒಗೆದು ಮಡಿಸಿಟ್ಟಿದ್ದೇನೆ.

ನಿನ್ನನ್ನು ಸಂತ ಮರೀನಾ ಕಾಯಲಿ, ಸಮುದ್ರ ನಿನ್ನ ಪಾಲಿಗೆ ಎಣ್ಣೆಯ ಹಾಗೆ ನಯವಾಗಿರಲಿ. ಪಾದ್ರಿಯವರು ಆಶೀರ್ವಾದ ತಿಳಿಸಿದ್ದಾರೆ. ಪೊಲಿತೀಮಿ ಮುತ್ತು ಕಳಿಸಿದ್ದಾಳೆ, ಅದರಲ್ಲಿ ಅರ್ಧ ನನಗೆ ಸೇರಬೇಕಾದದ್ದು, ಕಾಗದ ಬರೆದ ಕೂಲಿ.

ಇಂತಿ ನಿನ್ನ ಸೋದರಮಾವ,
ಥ್ರಾಸಿವುಲೋಸ್,
ಎರಡು ಮೊಲಗಳನ್ನು ಸೋಲಿಸಿದವನು

ಮರೆತ ಮಾತು, ಸೋಮವಾರ ಬೆಳಿಗ್ಗೆ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಟಪಾಲಿನವನು ಹೊರಗೆ ಗೊಣಗುತ್ತಾ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬಾಜಿ ಗೆದ್ದೆ ಅಂತ ಬರೆಯಲು ಕೂತಿದ್ದೆ. ಹಾಗೆ ಬರೆದರೆ ನೀನು ನಿರಾಳವಾಗಿ ಬರುತ್ತೀಯ ಅಂದುಕೊಂಡೆ. ಆದರೆ ಬಂದ ಮೊದಲ ದಿನವೇ ಲಿಂಬೇರಿಸ್ ಹೇಳುತ್ತಾನೆ, ಆಮೇಲೆ ನಾನು ನಾಯಿ ಬೊಗಳಿದ್ದನ್ನು ಹೇಳಿದ್ದೂ ಸುಳ್ಳಾಗುತ್ತದೆ, ಅವಳ ಬೆರಳೂ ಸುಳ್ಳಾಗುತ್ತದೆ. ನೆತ್ತಿಯ ದಾರಿಯೇ ಹತ್ತಿರ, ಮಗನೇ. ಎರಡನೇ ದಿನ ಪಾದ್ರಿ ಹೊಸ್ತಿಲು ಮುಟ್ಟಿದಾಗ ಬತ್ತಿ ನನ್ನ ಉಗುರಿನ ಗೀಟಿಗಿಂತ ಉದ್ದವಾಗಿತ್ತು, ಅಂದರೆ ನಾಯಿ ಬೊಗಳುವ ಹೊತ್ತಿಗೆ ಮೊದಲೇ ಬಂದಿದ್ದರು. ಆ ದಾರಿಯಲ್ಲಿ ಬಂದಿದ್ದರೆ ನೀನು ಅವಳ ಕಣ್ಣು ತೆರೆದಿದ್ದಾಗ ನೋಡುತ್ತಿದ್ದೆ. ಆದರೆ ನೀನು ಬರುವ ತನಕ ಅವಳು ಮೇಕೆಗಂಟೆ ಕೇಳಿಸಿಕೊಂಡು, ಎರಡನೆಯವನೂ ಬಿದ್ದನೋ ಅಂತ ಕಿಟಕಿ ನೋಡುತ್ತಿದ್ದಳು. ಯಾವುದು ಹೆಚ್ಚು ಯಾವುದು ಕಡಿಮೆ ಅಂತ ತೂಗುವಷ್ಟು ಓದು ನನಗಿಲ್ಲ. ನೀನು ಕೊಟ್ಟ ಮಾತಿನ ಸದ್ದು ಕೇಳಿ ಅವಳು ಕೈ ಬಿಟ್ಟಳು, ಅದನ್ನು ನನ್ನ ಮಣಿಕಟ್ಟು ಬಲ್ಲದು.

ಬಾಜಿ ಒಂದು ಸುತ್ತು ಕಾಫಿ ಅಲ್ಲ. ಪಾದ್ರಿಗೆ ಕಾಫಿ ಅಂತಲೇ ಹೇಳಿದ್ದೇನೆ, ಅವರ ಮುಂದೆ ನೀನೂ ಹಾಗೇ ಹೇಳು. ಸ್ಮಶಾನದ ಕೆಳಗಿನ ಇಳಿಜಾರಿನಲ್ಲಿ ನನ್ನ ಅಪ್ಪ ನನಗೆ ಬಿಟ್ಟುಹೋದ ಆಲಿವ್ ಮರಗಳು, ಬೇರು ಸಮೇತ, ಈ ವರ್ಷದ ಕಾಯಿ ಸಮೇತ. ಲಿಂಬೇರಿಸ್ ಆಗಲೇ ದೋಣಿಗೆ ಬಳಿಯುವ ನೀಲಿ ಬಣ್ಣದಿಂದ ಒಂದೊಂದಕ್ಕೂ ಗುರುತು ಹಾಕಿದ್ದಾನೆ. ನಿನ್ನ ತಾಯಿಯ ದೀಪಕ್ಕೆ ಈಗ ಅವನ ಹತ್ತಿರವೇ ಎಣ್ಣೆ ಕೊಳ್ಳುತ್ತೇನೆ. ಮೂವತ್ತೊಂದು ಮರ. ಗೆದ್ದದ್ದನ್ನು ನಾನು ಎಷ್ಟು ಸಲ ಹೆಚ್ಚಿಸಿ ಹೇಳಿದ್ದೇನೋ ದೇವರಿಗೇ ಗೊತ್ತು, ಸೋತದ್ದನ್ನು ಇಷ್ಟು ಅಂತ ಯಾರಿಗೂ ಹೇಳಿದವನಲ್ಲ. ಮೂವತ್ತೊಂದು, ಸಾರಾಂಡೋಸ್. ನಂಬಿಕೆ ಬಾರದಿದ್ದರೆ ಬಂದು ಎಣಿಸು.